ಚಂದಾ ಕಟ್ಟದವನು ನಮ್ಮವನಲ್ಲವೇ?



ಕಷ್ಟದಲ್ಲಿರುವವನಿಗೆ ನೆರವಾಗುವ ಮೊದಲು ನಾವು ನೋಡಬೇಕಾದದ್ದು ಅವನ ಕಷ್ಟವನ್ನೋ, ಅವನು ನಮ್ಮವನೋ ಅಲ್ಲವೋ ಎಂಬುದನ್ನೋ?

1881ರಿಂದ 1924ರವರೆಗೆ ಪೂರ್ವ ಯುರೋಪಿನ ಸುಮಾರು 20 ಲಕ್ಷ ಯೆಹೂದ್ಯರು ಅಮೆರಿಕಕ್ಕೆ ವಲಸೆ ಹೋದರು. ನ್ಯೂಯಾರ್ಕಿನಲ್ಲಿ ಬಟ್ಟೆ ಹೊಲಿದು ಬದುಕಿದ ಅನೇಕರು ತಮ್ಮ ತಮ್ಮ ಹುಟ್ಟೂರಿನ ಹೆಸರಿನಲ್ಲಿ ಸಂಘ ಕಟ್ಟಿಕೊಂಡರು. ಇವಕ್ಕೆ ‘ಲಾಂಡ್ಸ್‌ಮನ್‌ಶಾಫ್ಟ್’ ಎಂದು ಹೆಸರು. ಸದಸ್ಯರು ತಪ್ಪದೆ ಚಂದಾ ಕಟ್ಟುತ್ತಿದ್ದರು. ಕಾಯಿಲೆ ಬಿದ್ದರೆ ಸಂಘದಿಂದ ಹಣ, ಸಂಘವೇ ಗೊತ್ತುಮಾಡಿದ ವೈದ್ಯರು. ತೀರಿಕೊಂಡರೆ ಸಂಘ ಕೊಂಡಿಟ್ಟ ಸ್ಮಶಾನದಲ್ಲಿ ಜಾಗ. ಎರಡನೇ ಮಹಾಯುದ್ಧದಲ್ಲಿ ಆ ಹುಟ್ಟೂರುಗಳ ಯೆಹೂದ್ಯರನ್ನು ಕೊಂದ ಮೇಲೆ, ಬದುಕುಳಿದವರಿಗೆ ನೆರವು ಕಳಿಸಿದ್ದೂ ಊರಿನ ನೆನಪನ್ನು ಗ್ರಂಥವಾಗಿ ಅಚ್ಚುಹಾಕಿಸಿದ್ದೂ ಇಂಥ ಸಂಘಗಳೇ.

ನಮ್ಮ ನಾಡಿನಲ್ಲೂ ಇದು ಹೊಸದಲ್ಲ. ಕರಾವಳಿಯಿಂದ ಮುಂಬಯಿಗೆ ಹೋದ ಮೊಗವೀರರು 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮ ಸಹಕಾರಿ ಬ್ಯಾಂಕನ್ನು ಆರಂಭಿಸಿದರು.

ದಾನ ಪಡೆಯುವವನು ತಲೆ ತಗ್ಗಿಸುತ್ತಾನೆ. ಚಂದಾ ಕಟ್ಟಿದವನು ತಗ್ಗಿಸಬೇಕಾಗಿಲ್ಲ. ಇಂದು ಪಡೆಯುವವನು ನಿನ್ನೆ ಕೊಟ್ಟವನೇ. ಈ ಸಂಘಗಳ ದೊಡ್ಡ ಗುಣ ಇದು.

ಆದರೆ ಸಂಘಕ್ಕೆ ಬಾಗಿಲೂ ಇರುತ್ತದೆ. ಬೇರೆ ಊರಿನವನು, ಚಂದಾ ಕಟ್ಟಲಾಗದವನು ಹೊರಗೇ ಉಳಿಯುತ್ತಾನೆ. ಇದನ್ನು ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಬಂದವರಿಗೆಲ್ಲ ಹಂಚಿದರೆ ಗಂಟು ಬರಿದಾಗಿ, ನಂಬಿ ಕಟ್ಟಿದ ವಿಧವೆಗೆ ಏನೂ ಉಳಿಯದು. ನಿಧಿಗೆ ಮಿತಿ ಬೇಕು, ಅದು ನ್ಯಾಯವೇ. ಆ ಮಿತಿಯನ್ನೇ ಮನಸ್ಸಿಗೂ ಹಾಕಿಕೊಂಡಾಗ ಅನ್ಯಾಯ ಶುರುವಾಗುತ್ತದೆ. ಶುಭಸಂದೇಶದ ಸಮಾರ್ಯದವನು ಗಾಯಾಳುವಿನ ಊರು ಕೇಳಲಿಲ್ಲ. ತನ್ನ ಚೀಲದಿಂದಲೇ ಎರಡು ನಾಣ್ಯ ತೆಗೆದುಕೊಟ್ಟ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರೊಡನೆ ವಿನ್ಸೆಂಟ್ ದಿ ಪಾಲ್ ಸಭೆಯನ್ನು ಆರಂಭಿಸಿ ಬಡವರ ಮನೆಬಾಗಿಲಿಗೆ ಹೋದ ಫ್ರೆಡರಿಕ್ ಓಜಾನಾಂನಿಗೆ ಆಗ ಕೇವಲ 20 ವರ್ಷ.

ತಮಿಳು ನಾಡಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ನಮಗೆ, ನಮ್ಮ ಮಾತು ಕಿವಿಗೆ ಬಿದ್ದಾಗ ಆಗುವ ನೆಮ್ಮದಿ ಗೊತ್ತು. ನಮ್ಮವರಿಗಾಗಿ ಒಂದು ನಿಧಿ ಕೂಡಿಸುವುದರಲ್ಲಿ ತಪ್ಪೇನಿಲ್ಲ. ಆದರೆ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹೊಲಿಯುತ್ತಿರುವ ಒಡಿಶಾ, ಬಿಹಾರದ ಹುಡುಗರು ಅಂದಿನ ನ್ಯೂಯಾರ್ಕಿನ ಯೆಹೂದ್ಯರಂತೆಯೇ ಊರು ಬಿಟ್ಟವರು. ಯುವಜನರೇ, ನಿಧಿ ಕೂಡಿಸುವಾಗ ಚಂದಾ ಕಟ್ಟದವನಿಗೂ ಒಂದು ಪಾಲು ತೆಗೆದಿಡೋಣ. ಅದು ಚಿಕ್ಕದಾದರೂ ಇರಲಿ, ತಪ್ಪದೆ ಇರಲಿ.

– ಯುವಜನ ಸಂಯೋಜಕ, ಮಡತ್ತುಕುಳಂ