ವಿಸ್ಮಯ ಮತ್ತು ಅಪರಿಗ್ರಹ

ಅಪರಿಗ್ರಹವನ್ನು ಬೋಧಿಸುವ ಧರ್ಮಕ್ಕೆ ಶಿಲ್ಪವೈಭವವೇಕೆ? ಜೀರ್ಣೋದ್ಧಾರದ ಲೆಕ್ಕ ಬರೆಯುವಾಗಲೆಲ್ಲ ವರ್ತಕನಾದ ನನ್ನನ್ನು ಕಾಡುವ ಪ್ರಶ್ನೆಯಿದು.

ದೋಣಿಮಲೈಯಿಂದ ಹಂಪೆಗೆ ಹೋದಾಗ, ಕಮಲಾಪುರದಿಂದ ಕಂಪ್ಲಿಗೆ ಸಾಗುವ ರಸ್ತೆಯ ಬದಿಯ ಗಾಣಗಿತ್ತಿ ಜಿನಾಲಯದ ಮುಂದೆ ನಿಲ್ಲುವುದು ನನ್ನ ರೂಢಿ. ಇಮ್ಮಡಿ ಹರಿಹರನ ದಂಡನಾಯಕನಾದ ಇರುಗಪ್ಪನು ಹದಿನೇಳನೆಯ ತೀರ್ಥಂಕರ ಕುಂಥುನಾಥಸ್ವಾಮಿಗಾಗಿ 1385ರಲ್ಲಿ ಕಟ್ಟಿಸಿದ ಕಲ್ಲಿನ ಬಸದಿಯಿದು. ಸರಳವಾದ ಗೋಡೆಗಳು, ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುತ್ತ ಏರುವ ಶಿಖರ, ಎದುರಿಗೆ ಎತ್ತರದ ಕಲ್ಲುಕಂಬ. ಗರ್ಭಗೃಹದಲ್ಲಿ ಇಂದು ಮೂರ್ತಿಯಿಲ್ಲ. ಆದರೂ ಒಳಹೊಕ್ಕವನ ಮಾತು ತಾನಾಗಿ ನಿಲ್ಲುತ್ತದೆ.

ಬಯಕೆಯು ‘ಇದು ನನಗೆ ಬೇಕು’ ಎನ್ನುತ್ತದೆ. ವಿಸ್ಮಯವು ‘ನಾನು’ ಎಂಬುದನ್ನೇ ಕ್ಷಣಕಾಲ ಮರೆಸುತ್ತದೆ. ಆ ಮರೆವೇ ಅಪರಿಗ್ರಹದ ಮೊದಲ ಪಾಠ. ಆದುದರಿಂದ ಕಲೆಯು ವ್ರತಕ್ಕೆ ವಿರೋಧಿಯಲ್ಲ, ಮಾನಕಷಾಯವೇ ವಿರೋಧಿ.

ಇರುಗಪ್ಪನ ಹೆಸರೂ ಕಂಬದ ಶಾಸನದಲ್ಲಿದೆ, ಗುರುಪರಂಪರೆಯೊಡನೆ. ಆದರೆ ಜನರು ಬಸದಿಯನ್ನು ಕರೆಯುವುದು ಎಣ್ಣೆಗಾಣದ ಹೆಂಗಸಿನ ಹೆಸರಿನಿಂದ. ದಾನಿಯ ಹೆಸರು ಜನರ ನಾಲಗೆಯಿಂದ ಜಾರಿತು; ಕಲ್ಲಿನ ವಿಸ್ಮಯ ಉಳಿಯಿತು.

ನಾನೂ ಒಮ್ಮೆ ಹಳೆಯ ಬಸದಿಯೊಂದರ ಕಲ್ಲುನೆಲದ ಮೇಲೆ ಹೊಳೆಯುವ ಗ್ರಾನೈಟ್ ಹಾಸಲು ಹಣ ಕೊಟ್ಟು, ಹೆಸರಿನ ಫಲಕ ಹಾಕಿಸಿದೆ. ಬಂದವರು ಈಗ ಮೊದಲು ಓದುವುದು ಆ ಫಲಕವನ್ನೇ. ಹಣ ಖರ್ಚಿನ ಪುಟದಲ್ಲಿದೆ. ಪುಣ್ಯ ಜಮೆಯಾಯಿತೆಂದು ಹೇಳಲಾರೆ.

ಬಸದಿಗಳ ಆಡಳಿತ ಮಂಡಳಿಗಳು ಹಣ ವ್ಯಯಿಸುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಇದನ್ನು ಕಂಡ ಮಗುವಿಗೆ ನೆನಪಾಗುವುದು ಜಿನನೋ, ದಾನಿಯೋ?