ಕೇಳದೆ ಹೇಳಬೇಕಾದ ಸತ್ಯ

ಸುಳ್ಳು ಹೇಳುವುದಕ್ಕೆ ಬಾಯಿ ಬೇಕೆಂದು ಹಿಂದಿನವರು ತಿಳಿದಿದ್ದರು. ಹೇಳುವವನೊಬ್ಬ, ಕೇಳುವವನೊಬ್ಬ, ನಡುವೆ ಒಂದು ಮಾತು. ಇವು ಮೂರೂ ಕೂಡಿದರೆ ತಾನೆ ಸುಳ್ಳು? ನಮ್ಮ ಕಾಲದಲ್ಲಿ ಈ ಮೂರೂ ಕಣ್ಣಿಗೆ ಬೀಳದಂತಾಗಿವೆ. ಆದಾಯ ತೆರಿಗೆಯ ವಿವರ ಪತ್ರವನ್ನು ಈಗ ನಾವು ಬರೆಯುವುದಿಲ್ಲ, ಯಂತ್ರ ಬರೆದಿಟ್ಟಿರುತ್ತದೆ. ಇಲಾಖೆಯ ಜಾಲತಾಣವನ್ನೋ ಖಾಸಗಿಯವರ ತಂತ್ರಾಂಶವನ್ನೋ ತೆರೆದರೆ ಹೆಸರು, ವಿಳಾಸ, ಪಿಂಚಣಿ, ಬ್ಯಾಂಕಿನ ಬಡ್ಡಿ, ಮೂಲದಲ್ಲೇ ಮುರಿದುಕೊಂಡ ತೆರಿಗೆ, ಇವೆಲ್ಲ ಮೊದಲೇ ತುಂಬಿಕೊಂಡು ನಮ್ಮ ಒಪ್ಪಿಗೆಗಾಗಿ ಕಾದು ನಿಂತಿರುತ್ತವೆ. 'ಸರಿ' ಎಂದರಾಯಿತು. ಹಾಗೆ ಒಪ್ಪಿಕೊಂಡ ಪಟ್ಟಿಯಲ್ಲಿ ಒಂದು ಆದಾಯ ಬಿಟ್ಟುಹೋಗಿದ್ದರೆ ಅದು ಯಾರ ಸುಳ್ಳು? ಯಂತ್ರದ್ದೆ? ನಮ್ಮದೆ? ಅಥವಾ ಅದು ಸುಳ್ಳೇ ಅಲ್ಲವೆ?

ಈ ಪ್ರಶ್ನೆ ವ್ಯಾಪಾರಿಗಳಿಗಿಂತ ಸರಕಾರಿ ಸೇವೆಯಿಂದ ನಿವೃತ್ತರಾದವರಿಗೆ ಹೆಚ್ಚು ಹತ್ತಿರವಾದದ್ದು. ಅವರ ಆದಾಯದ ಬಹುಭಾಗವನ್ನು ಕೊಡುವುದು ಸರಕಾರವೇ. 'ಕೊಟ್ಟವನಿಗೆ ತಾನು ಕೊಟ್ಟದ್ದು ತಿಳಿಯದೆ? ಅದನ್ನು ಮತ್ತೆ ನನ್ನ ಬಾಯಿಂದ ಏಕೆ ಕೇಳಬೇಕು?' ಎಂಬ ತರ್ಕ ಅವರಿಗೆ ಸಹಜವಾಗಿಯೇ ಹೊಳೆಯುತ್ತದೆ. ಆದರೆ ಕೊಡುವ ಕೈ ರಾಜ್ಯದ ಖಜಾನೆಯದು, ಕೇಳುವ ಕಿವಿ ಕೇಂದ್ರದ ಇಲಾಖೆಯದು. ಕೈಯೂ ಕಿವಿಯೂ ಒಂದೇ ದೇಹದವೆಂದು ಭಾವಿಸುವುದು ಸರಕಾರದ ವಿಷಯದಲ್ಲಿ ನಾವಿಟ್ಟುಕೊಂಡಿರುವ ದೊಡ್ಡ ನಂಬಿಕೆಗಳಲ್ಲೊಂದು.

ಇನ್ನು ಕೆಲವರದು ಬೇರೆಯೇ ವಾದ. ಮೂವತ್ತು ವರ್ಷ ದುಡಿದು ತೆರಿಗೆ ಕಟ್ಟಿಯಾಯಿತು. ಮುಪ್ಪಿನಲ್ಲಿ ಸರಕಾರ ಕರುಣೆಯಿಂದ ಕೊಡುವ ಹಣದ ಮೇಲೂ ತೆರಿಗೆಯೆ? ಕೇಳಲು ಹಿತವಾದ ಮಾತು. ಆದರೆ ಪಿಂಚಣಿ ಕರುಣೆಯಲ್ಲವೆಂದು ಸಾಧಿಸಿದವರು ಪಿಂಚಣಿದಾರರೇ ಅಲ್ಲವೆ? 1982ರ ಡಿಸೆಂಬರ್ 17ರಂದು ಡಿ. ಎಸ್. ನಕಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಪಿಂಚಣಿಯೆಂಬುದು ಯಜಮಾನನ ಮರ್ಜಿಯ ದಾನವಲ್ಲ, ಸಲ್ಲಿಸಿದ ಸೇವೆಗೆ ಸಲ್ಲತಕ್ಕ ಹಕ್ಕು ಎಂದು ತೀರ್ಪಿತ್ತಿತು. ಆ ದಿನವನ್ನು ಪಿಂಚಣಿದಾರರು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. ಡಿಸೆಂಬರಿನ ವೇದಿಕೆಯ ಮೇಲೆ ದುಡಿಮೆಯ ಫಲವಾದದ್ದು ಜುಲೈ ತಿಂಗಳಲ್ಲಿ ದಾನವಾಗಲಾರದು. ನಮ್ಮ ಭಾಷೆಯೂ ಇದಕ್ಕೆ ಸಾಕ್ಷಿ: 'ನಿವೃತ್ತಿ ವೇತನ', 'ವಿಶ್ರಾಂತಿ ವೇತನ' ಎಂಬ ಮಾತುಗಳಲ್ಲಿ 'ವೇತನ' ಉಳಿದುಕೊಂಡೇ ಇದೆ. ತೆರಿಗೆಯ ಕಾನೂನೂ ಅದನ್ನು ಸಂಬಳದ ತಲೆಬರಹದಡಿಯಲ್ಲೇ ಇರಿಸಿದೆ.

ಇಲ್ಲಿಯವರೆಗೆ ವಿಷಯ ಸುಲಭ. ತೊಡಕು ಬರುವುದು ಕುಟುಂಬ ಪಿಂಚಣಿಯಲ್ಲಿ. ಪತಿ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಹಣ ಸಂಬಳವಲ್ಲ. ಆಕೆ ಆ ಇಲಾಖೆಯ ನೌಕರಳಾಗಿರಲಿಲ್ಲವಾದ್ದರಿಂದ ಕಾನೂನು ಅದನ್ನು 'ಇತರ ಮೂಲಗಳ ಆದಾಯ' ಎನ್ನುತ್ತದೆ. ನಲವತ್ತು ವರ್ಷ ಮುಂಜಾನೆಯೇ ಎದ್ದು ಡಬ್ಬಿ ಕಟ್ಟಿ ಒಬ್ಬ ನೌಕರನನ್ನು ಕಚೇರಿಗೆ ಕಳುಹಿಸಿದವಳ ಪಾಲಿಗೆ 'ಇತರ ಮೂಲ'ವೆಂಬ ಹೆಸರು ನನಗಂತೂ ಒಪ್ಪಿಗೆಯಾಗುವುದಿಲ್ಲ. ಇರಲಿ, ಆ ಜಗಳವನ್ನು ವಿವರ ಪತ್ರದೊಳಗೆ ಆಡುವಂತಿಲ್ಲ. ಸಂಬಳವಲ್ಲದ ಕಾರಣ ಅದಕ್ಕೆ ಮೂಲದಲ್ಲಿ ತೆರಿಗೆ ಮುರಿಯುವ ಕಟ್ಟಳೆಯಿಲ್ಲ. ಮುರಿಯದ ಹಣ ಯಂತ್ರದ ಕಣ್ಣಿಗೆ ಬೀಳದೆ ಹೋಗುವುದು ಅನೇಕ ವೇಳೆ ನಡೆಯುತ್ತದೆ.

ಒಬ್ಬ ನಿವೃತ್ತ ಅಧ್ಯಾಪಿಕೆಯನ್ನು ಕಲ್ಪಿಸಿಕೊಳ್ಳಿ. ಆಕೆಯ ಸ್ವಂತ ಪಿಂಚಣಿ ವರ್ಷಕ್ಕೆ 6,60,000 ರೂಪಾಯಿ. ತೀರಿಕೊಂಡ ಪತಿಯೂ ಸರಕಾರಿ ನೌಕರ. ಆ ಕಡೆಯಿಂದ ಕುಟುಂಬ ಪಿಂಚಣಿ 3,00,000. ಇಬ್ಬರ ಉಳಿತಾಯವನ್ನೂ ಸೈಟು ಮಾರಿದ ಹಣವನ್ನೂ ಬ್ಯಾಂಕಿನಲ್ಲಿಟ್ಟದ್ದರಿಂದ ಬರುವ ಬಡ್ಡಿ 4,00,000. ಯಂತ್ರ ತುಂಬಿಟ್ಟ ಪಟ್ಟಿಯಲ್ಲಿ ಮೊದಲನೆಯದೂ ಕೊನೆಯದೂ ಇವೆ, ನಡುವಿನದಿಲ್ಲ. 2025–26ರ ಆರ್ಥಿಕ ವರ್ಷಕ್ಕೆ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ, ಪಿಂಚಣಿಗೆ ಸಲ್ಲುವ 75,000ದ ಕಡಿತ ಕಳೆದು ಆದಾಯ 9,85,000. ಹನ್ನೆರಡು ಲಕ್ಷದ ಒಳಗಿರುವುದರಿಂದ ತೆರಿಗೆ ಸೊನ್ನೆ. ಬ್ಯಾಂಕು ಬಡ್ಡಿಯಲ್ಲಿ ಮುರಿದುಕೊಂಡಿದ್ದರೆ ಅದೂ ಮರಳಿ ಬರುತ್ತದೆಂದು ಯಂತ್ರ ಸಂತೋಷದಿಂದ ತಿಳಿಸುತ್ತದೆ. ಆ ನಡುವಿನ ಸಾಲನ್ನು ತಾನೇ ಸೇರಿಸಿದರೆ? ಕುಟುಂಬ ಪಿಂಚಣಿಗೆ ಪ್ರತ್ಯೇಕವಾಗಿ ಸಲ್ಲುವ 25,000 ಕಳೆದ ಮೇಲೂ ಆದಾಯ 12,60,000 ಆಗುತ್ತದೆ. ಗೆರೆ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಬಾರದೆಂಬ ರಿಯಾಯಿತಿಯಿದ್ದರೂ 60,000 ತೆರಿಗೆ, ಅದರ ಮೇಲೆ ಶೇಕಡ 4ರ ಸೆಸ್ಸು, ಒಟ್ಟು 62,400 ರೂಪಾಯಿ. ಯಾರೂ ಕೇಳದ ಒಂದು ಸತ್ಯದ ಬೆಲೆ ಇದು.

ರಾಘವಾಂಕನ ಹರಿಶ್ಚಂದ್ರನಿಗೆ ಎದುರಿನಲ್ಲೊಬ್ಬ ವಿಶ್ವಾಮಿತ್ರನಿದ್ದ. ಪರೀಕ್ಷಿಸುವವನು ಕಣ್ಣೆದುರಿಗಿದ್ದರೆ ಸತ್ಯಕ್ಕೆ ಕಷ್ಟವೂ ಉಂಟು, ಒಂದು ಬಗೆಯ ಘನತೆಯೂ ಉಂಟು. ನಮ್ಮ ಅಧ್ಯಾಪಿಕೆಗೆ ಆ ಘನತೆಯೂ ಇಲ್ಲ. ದೇಶದ ಮೂಲೆಮೂಲೆಗಳ ವಿವರ ಪತ್ರಗಳನ್ನೆಲ್ಲ ತೂಗಿ ನೋಡುವ ಯಂತ್ರಾಗಾರ ಇರುವುದು ನಮ್ಮ ಬೆಂಗಳೂರಿನಲ್ಲೇ. ಆದರೆ ಅದು ಕೇಳುವುದು ತನಗೆ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ. ಆಕೆ ಹೇಳದಿದ್ದರೆ ಬಹುಶಃ ಏನೂ ಆಗುವುದಿಲ್ಲ. ಹೇಳಿದರೆ ಯಾರೂ ಮೆಚ್ಚುವುದಿಲ್ಲ. ಹಣ ಹೋಗುತ್ತದೆ, ಅಷ್ಟೆ.

ಹಾಗಾದರೆ ಆಕೆಯ ಮೇಲಿರುವ ಕಟ್ಟು ಯಾವುದು? ವಿವರ ಪತ್ರದ ಕೊನೆಯಲ್ಲಿ ಒಂದು ಘೋಷಣೆ ಇರುತ್ತದೆ. ಅದನ್ನು ಓದುವವರು ಕಡಿಮೆ. ಕೊಟ್ಟ ವಿವರ ತನ್ನ ತಿಳಿವಿನ ಮಟ್ಟಿಗೆ ಸರಿಯಾದದ್ದು ಮಾತ್ರವಲ್ಲ, ಸಂಪೂರ್ಣವಾದದ್ದೂ ಹೌದು ಎಂದು ಅಲ್ಲಿ ನಾವು ನುಡಿಯುತ್ತೇವೆ. ಸರಿ ಬೇರೆ, ಸಂಪೂರ್ಣ ಬೇರೆ. ದ್ರೋಣನಿಗೆ ಧರ್ಮರಾಯ ಆಡಿದ ಮಾತಿನಲ್ಲಿ ತಪ್ಪೇನೂ ಇರಲಿಲ್ಲ; ಅಶ್ವತ್ಥಾಮನೆಂಬ ಆನೆ ನಿಜವಾಗಿಯೂ ಸತ್ತಿತ್ತು. ಕಿವಿಗೆ ಬೀಳಬೇಕಾದ ಒಂದು ಪದ ಬೀಳಲಿಲ್ಲ. ನೆಲ ಮುಟ್ಟದೆ ಸಾಗುತ್ತಿದ್ದ ರಥ ನೆಲಕ್ಕೆ ತಗುಲಿದ್ದು ಅಷ್ಟಕ್ಕೇ. ಯಂತ್ರ ತುಂಬಿದ ಅಂಕಿಗಳೆಲ್ಲ ಸರಿಯಾಗಿಯೇ ಇರಬಹುದು. ಸಂಪೂರ್ಣತೆಯ ಮಾತನ್ನು ಮಾತ್ರ ಯಂತ್ರ ಆಡಲಾರದು, ಏಕೆಂದರೆ ತನಗೆ ತಿಳಿಯದ್ದು ಎಷ್ಟೆಂಬುದು ಅದಕ್ಕೆ ತಿಳಿಯದು. ಇಲಾಖೆಗೂ ಇದು ಗೊತ್ತು. 2021ರ ನವೆಂಬರಿನಿಂದ ಅದು ಒದಗಿಸುತ್ತಿರುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲೇ, ಇದರಲ್ಲಿಲ್ಲದ ವ್ಯವಹಾರಗಳೂ ಇರಬಹುದು, ಪೂರ್ಣ ವಿವರ ಕೊಡುವ ಹೊಣೆ ತೆರಿಗೆದಾರರದು ಎಂಬ ಎಚ್ಚರಿಕೆ ಇದೆ. ಆದ್ದರಿಂದ ಯಂತ್ರದ ಮರೆವನ್ನು ಕಂಡೂ ಒಪ್ಪಿಗೆ ಒತ್ತಿದವರು ಮರೆತವರಲ್ಲ. ಕಾಣದೆ ಒತ್ತಿದವರ ಮಾತು ಬೇರೆ. ಅವರನ್ನು ಸುಳ್ಳುಗಾರರೆಂದು ಕರೆಯಲು ನನಗೆ ಮನಸ್ಸಿಲ್ಲ.

ಸತ್ಯವೆಂದರೆ ಯಾವಾಗಲೂ ಕಳೆದುಕೊಳ್ಳುವುದೇ ಎಂದು ಬಗೆಯಬೇಕಾಗಿಲ್ಲ. ಅದೇ ಅಧ್ಯಾಪಿಕೆ ಅಂಜಿಕೆಯಿಂದ ಎರಡು ಪಿಂಚಣಿಗಳನ್ನೂ ಸಂಬಳದ ಒಂದೇ ಚೌಕದಲ್ಲಿ ಕೂಡಿಸಿ ಬರೆದರೆ ಆ 25,000ದ ಕಡಿತ ತಪ್ಪಿ, ತೆರಿಗೆ 75,660ಕ್ಕೆ ಏರುತ್ತದೆ. ತಪ್ಪು ಚೌಕದಲ್ಲಿಟ್ಟ ಪ್ರಾಮಾಣಿಕತೆಗೆ 13,260 ರೂಪಾಯಿ ದಂಡ! ಸರಕಾರಿ ನೌಕರರು ಪಿಂಚಣಿಯ ಒಂದಂಶವನ್ನು ಬಿಟ್ಟುಕೊಟ್ಟು ನಿವೃತ್ತಿಯ ವೇಳೆ ಒಟ್ಟಿಗೆ ಪಡೆಯುವ ಗಂಟಿಗೆ ತೆರಿಗೆಯಿಲ್ಲ. ಅವರ ಗ್ರ್ಯಾಚುಯಿಟಿಗೂ ಇಲ್ಲ. ವಿನಾಯಿತಿಯ ಕಾಲಂ ಹುಡುಕಲಾರದೆ ಅದನ್ನೂ ತೆರಿಗೆಯ ಹಣವೆಂದು ಬರೆದುಬಿಡುವ ಭೀರುಗಳಿದ್ದಾರೆ. ಅದೂ ಸತ್ಯವಲ್ಲ. ತನಗೆ ಸಲ್ಲಬೇಕಾದದ್ದನ್ನು ಬಿಟ್ಟುಕೊಟ್ಟು ನೆಮ್ಮದಿ ಕೊಳ್ಳುವುದು ನಮ್ಮ ಮಧ್ಯಮವರ್ಗದ ಹಳೆಯ ರೋಗ.

ತೆರಿಗೆಯೇ ಬಾರದವರ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಬಡ್ಡಿಯ ಹೊರೆಯಿಲ್ಲದ ಅನೇಕ ಪಿಂಚಣಿದಾರರು, ಎಲ್ಲವನ್ನೂ ಸೇರಿಸಿದರೂ ಹನ್ನೆರಡು ಲಕ್ಷ ಮುಟ್ಟುವವರಲ್ಲ. ಒಂದು ಸಾಲು ಬಿಟ್ಟರೆ ಖಜಾನೆಗೆ ಒಂದು ಕಾಸಿನ ನಷ್ಟವಿಲ್ಲ. ಯಾರಿಗೂ ಕೆಡುಕಾಗದ ಅಪೂರ್ಣತೆಯಲ್ಲಿ ದೋಷವೇನು? ಖಜಾನೆಯ ಕಡೆಯಿಂದ ನೋಡಿದರೆ ಏನೂ ಇಲ್ಲವೆಂದೇ ನನ್ನ ಉತ್ತರ. ಆದರೆ ಆ ಪತ್ರದ ಕೆಳಗಿರುವುದು ಖಜಾನೆಯ ಹೆಸರಲ್ಲ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣ ಪತ್ರ ಕೊಡುತ್ತಾರೆ. ಅದನ್ನು ತಮಾಷೆಯೆನ್ನುವವರೂ ಸುಳ್ಳಾಗಿ ಕೊಡಲು ಹೇಸುತ್ತಾರೆ. ಜುಲೈಯ ಪತ್ರಕ್ಕೂ ಸಹಿ ಮಾಡುವುದು ಅದೇ ಕೈ.

ಈಚೆಗೆ ಆ ಸಹಿಯೂ ಕೈಯಿಂದ ಜಾರಿದೆ. ಬೇರೆ ಊರಿನಲ್ಲಿರುವ ಮಗನೋ ಮಗಳೋ ಪತ್ರವನ್ನು ಸಿದ್ಧಮಾಡುತ್ತಾರೆ. ತಾಯಿಯ ಮೊಬೈಲಿಗೆ ಆರು ಅಂಕಿಗಳ ಓಟಿಪಿ ಬರುತ್ತದೆ. 'ಅಮ್ಮಾ, ಬೇಗ ಓದು' ಎನ್ನುತ್ತಾರೆ. ಆಕೆ ಕನ್ನಡಕ ಹುಡುಕಿ ಓದುತ್ತಾಳೆ. ಓದಿದೊಡನೆ ಆ ಘೋಷಣೆ ಆಕೆಯದಾಗುತ್ತದೆ. ಸಂಖ್ಯೆಗೆ 15 ನಿಮಿಷಗಳ ಆಯುಸ್ಸಿದೆ. ಪಾಸ್‌ಬುಕ್ಕನ್ನು ತೆರೆದಿಟ್ಟುಕೊಂಡು, 'ನಿಮ್ಮಪ್ಪನ ಕಡೆಯ ಪಿಂಚಣಿಯನ್ನು ಎಲ್ಲಿ ಬರೆದೆ?' ಎಂದು ಕೇಳಿ ಉತ್ತರ ಪಡೆಯುವುದಕ್ಕೆ ಅಷ್ಟು ಹೊತ್ತೂ ಬೇಕಾಗುವುದಿಲ್ಲ.