ಕಾಣದ ಕಿರಣದ ಸಾಕ್ಷಿ

ಡೊಂಬಿವಲಿಯ ನಮ್ಮ ಲ್ಯಾಬಿನಲ್ಲಿ ಹೀಲಿಯಂ-ನಿಯಾನ್ ಲೇಸರ್ ಹಚ್ಚಿದರೆ ಗೋಡೆಯ ಮೇಲೆ ಕೆಂಪು ಚುಕ್ಕೆಯಷ್ಟೇ. ನಡುವಿನ ದಾರಿ ಖಾಲಿ. ಊದುಬತ್ತಿಯ ಹೊಗೆ ಹಾಯಿಸಿದಾಗ, ಅದರ ಕಣಗಳು ಬೆಳಕನ್ನು ಚದುರಿಸಿ ಗೆರೆ ಮೂಡುತ್ತದೆ. ಆಮೇಲೆ ಕಿರಣವನ್ನು ಹಲವು ಚುಕ್ಕೆಗಳಾಗಿ ಹರಡುವ ಗ್ರೇಟಿಂಗ್ ಇಟ್ಟು, ವಿದ್ಯಾರ್ಥಿಗಳಿಂದ ಆ ಚುಕ್ಕೆಗಳ ಅಂತರ ಅಳೆಸಿ, ತರಂಗಾಂತರ 632.8 ನ್ಯಾನೋಮೀಟರ್ ಎಂದು ತೋರಿಸುತ್ತೇನೆ. 1960ರಲ್ಲಿ ಅಲಿ ಜವಾನ್ ಸಂಗಡಿಗರೊಂದಿಗೆ ಬೆಳಗಿಸಿದ ಮೊದಲ ಅನಿಲ ಲೇಸರಿನ ಕಿರಣವಂತೂ ಅವಗೆಂಪು, ಕಣ್ಣಿಗೆ ಕಾಣದ್ದೇ.

ಕಣ್ಣನ್ನು ನೋಡಲು ಹಚ್ಚುವುದು ಯಾವುದು ಎಂಬ ಕೇನೋಪನಿಷತ್ತಿನ ಪ್ರಶ್ನೆಯೂ ಹೀಗೆ ನೋಟದ ಹಿಂದಿರುವುದರ ಬಗ್ಗೆಯೇ. ಹಾಗೆಂದು ಲೇಸರ್ ಬ್ರಹ್ಮಕ್ಕೆ ಪುರಾವೆ ಎನ್ನಲಾರೆ. ಬೆಳಕು ಅಳತೆಗೆ ಸಿಗುತ್ತದೆ. ನೋಡುವ ಅರಿವು ನನ್ನ ಯಾವ ಸ್ಕೇಲಿಗೂ ಸಿಕ್ಕಿಲ್ಲ.

“ಸರ್, ಹೊಗೆ ಇಲ್ಲದಾಗಲೂ ಕಿರಣ ಇತ್ತಾ?” ಕಲ್ಯಾಣದಿಂದ ಬರುವ ಹುಡುಗಿ ಕೇಳಿದಳು.

“ಇತ್ತಮ್ಮ, ಗೋಡೆಯ ಚುಕ್ಕೆಯೇ ಸಾಕ್ಷಿ.”

“ದೇವರಿಗೆ ಅಂಥ ಗೋಡೆ ಯಾವುದು ಸರ್?”

ಪಠ್ಯದಲ್ಲಿಲ್ಲವೆಂದು ಆ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ.